ಗೇಟಿನ ಒಪ್ಪಿಗೆ

ಜಕ್ಕೂರು, ಸೋಮವಾರ

ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಜಯಸಿಂಹ ಅವರಿಗೆ ನಮಸ್ಕಾರ.

ನಮ್ಮ ಗೇಟಿನೆದುರೇ ಕಳ್ಳರು ನನ್ನ ಮಾಂಗಲ್ಯದ ಸರ ಕಿತ್ತುಕೊಂಡು ಹೋದ ಮೇಲೆ, ಯಾರು ಒಳಗೆ ಬರಬೇಕಾದರೂ ಹೊರಗೆ ಹೋಗಬೇಕಾದರೂ ಫ್ಲಾಟ್ ಮಾಲೀಕರ ಫೋನಿನಿಂದ ಒಪ್ಪಿಗೆ ಬರಬೇಕೆಂಬ ನಿಯಮಕ್ಕೆ ಮೊದಲು ಸಹಿ ಹಾಕಿದವಳು ನಾನೇ. ಫ್ಲಾಟ್ ನಮ್ಮ ಯಜಮಾನರ ಹೆಸರಿನಲ್ಲಿದೆ ಎಂಬುದು ಆಗ ಹೊಳೆಯಲಿಲ್ಲ.

ಗೌರಿ ಹಬ್ಬದ ದಿನ ತಂಗಿ ಶರ್ವಾಣಿ ಬಾಗಿನ ಹಿಡಿದು ಗೇಟಿನಲ್ಲಿ ಒಂದು ಗಂಟೆ ನಿಂತು ವಾಪಸ್ ಹೋದಳು. "ಸಾರ್ ಬೇಡ ಅಂದ್ರಮ್ಮ, ನಾನೇನ್ ಮಾಡ್ಲಿ?" ಎಂದರು ವಾಚ್‌ಮನ್ ಕೃಷ್ಣಯ್ಯ.

ದಯವಿಟ್ಟು ಒಪ್ಪಿಗೆ ಕೊಡುವವರ ಪಟ್ಟಿಗೆ ನನ್ನ ನಂಬರನ್ನೂ ಸೇರಿಸಿ. ನಿಮ್ಮ ಮನೆಗೇ ಬಂದು ಕೇಳಿದರೆ ಕಾರಿಡಾರಿನ ಕ್ಯಾಮೆರಾದಲ್ಲಿ ಯಜಮಾನರಿಗೆ ಕಾಣುತ್ತದೆ. ಅದಕ್ಕೇ ಮೆಟ್ಟಿಲು ಗುಡಿಸುವ ಅಂಜಿನಮ್ಮನ ಕೈಯಲ್ಲಿ ಈ ಪತ್ರ. ಉತ್ತರವನ್ನೂ ಆಕೆಯ ಕೈಗೇ ಕೊಡಿ.

ಸರ ಸಿಕ್ಕಿದೆಯಂತೆ. ಬಂದು ಗುರುತಿಸಿ ಎಂದು ಪೊಲೀಸರು ಕರೆದು ಒಂಬತ್ತು ದಿನವಾಯಿತು. ಯಜಮಾನರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ.

ನಿಮ್ಮ ಮೂರನೇ ಮಹಡಿಯ,
ಪ್ರಿಯಂವದಾ