ಪರದೆಯ ಹಿಂದಿನ ದನಿ

ಫರ್ವರ್ದೀನ್ ತಿಂಗಳು ೧೨, ಬೆಳಿಗ್ಗೆ

ಇವತ್ತೂ ತಡವಾಗಿ ಎದ್ದೆ! ಶೀರ್ಜಾದ್ ಹಸಿ ಬಾದಾಮಿಗೆ ಉಪ್ಪು ಹಚ್ಚಿ ಒಂದೊಂದಾಗಿ ತಿನ್ನಿಸಿದ. ಎಂಥ ಗಂಡ ನನ್ನವನು! ಮದುವೆಯಾಗಿ ಇಪ್ಪತ್ತೇ ದಿನ, ಇಪ್ಪತ್ತು ಜನ್ಮದಷ್ಟು ಸುಖ.

ಅವನಿಗಾಗಿ ಅತ್ತೆಯ ನಕಲು ಮಾಡಿದೆ. ಎರಡು ಕೆಮ್ಮು, ಹಿತ್ತಾಳೆ ಬಟ್ಟಲಿಗೆ ಉಂಗುರದ ಟಣ್... "ಮುಂದಿನವನು ಬರಲಿ. ಚಿಕ್ಕದಾಗಿ ಹೇಳಲಿ." ದರ್ಬಾರಿನ ಪರದೆಯ ಹಿಂದೆ ಕೂತು ಹದಿಮೂರು ವರ್ಷದಿಂದ ಮಗನ ರಾಜ್ಯ ಆಳುತ್ತಿರುವ ದನಿ. ಶೀರ್ಜಾದ್ ನಕ್ಕು ನಕ್ಕು ಮಗುಚಿಬಿದ್ದ. ಅವನನ್ನು ಎತ್ತಿ ಆಡಿಸಿದ ದಾಯಿ ಮಹ್‌ಪಾರೆ ಮಾತ್ರ ನಗಲಿಲ್ಲ. "ಇನ್ನೊಬ್ಬರ ದನಿ ಎತ್ಕೋಬೇಡ ತಾಯಿ. ವಾಪಸ್ ಕೊಡೋದು ಕಷ್ಟ."

ಮರುತಿಂಗಳು, ಅರ್ದಿಬೆಹೆಶ್ತ್ ೩

ಅತ್ತೆ ಹೋದರು. ನಮಾಜಿನ ಚಾಪೆಯ ಮೇಲೇ. ಅಳುವಂತಿಲ್ಲ.

ಮಾವ ಸಾಯುವಾಗ ಬರೆಸಿದ್ದು — ಮಗನಿಗೆ ಇಪ್ಪತ್ತು ತುಂಬುವವರೆಗೆ ತಾಯಿ ಆಳಬೇಕು. ಅಷ್ಟರಲ್ಲಿ ಅವಳು ಹೋದರೆ ಮಾವನ ತಮ್ಮ ಮರ್ದಾನ್. ಇಪ್ಪತ್ತಕ್ಕೆ ಇನ್ನೂ ನಲವತ್ತು ದಿನ. ಮರ್ದಾನ್ ಬಂದರೆ ಮೊದಲು ಶೀರ್ಜಾದನ ಕಣ್ಣು ಕೀಳಿಸುತ್ತಾನೆ. ಆ ಬಾದಾಮಿಯಂಥ ಕಣ್ಣು.

ಅತ್ತೆಯನ್ನು ಅರಮನೆಯ ಹಿಮದ ಗುಂಡಿಯಲ್ಲಿ ಮಲಗಿಸಿದೆವು, ಬೇಸಿಗೆಗೆಂದು ಕೂಡಿಟ್ಟ ಮಂಜುಗಡ್ಡೆಯ ನಡುವೆ. ಗೊತ್ತಿರುವುದು ಮೂವರಿಗೆ. ದಾಯಿ ಅತ್ತೆಯ ಉಂಗುರ ನನಗೆ ತೊಡಿಸಿದಳು. ಸಡಿಲ. ದಾರ ಸುತ್ತಿದಳು.

ಅರ್ದಿಬೆಹೆಶ್ತ್ ೪

ಅತ್ತೆಯ ಜಾಗದಲ್ಲಿ ಕೂತು ಎರಡು ಸಲ ಕೆಮ್ಮಿದೆ. ಪರದೆಯಾಚೆ ಎಲ್ಲರೂ ತಲೆ ಬಾಗಿಸಿದರು. ನಂಬಿಬಿಟ್ಟರು! ದನಿ ಒಂದಿಷ್ಟೂ ನಡುಗಲಿಲ್ಲ.

ಮರುತಿಂಗಳು, ಖೋರ್ದಾದ್ ೧, ಮಧ್ಯಾಹ್ನ

ಮರ್ದಾನ್ ಬಂದಿದ್ದ. ಪರದೆಗೆ ತೀರ ಹತ್ತಿರ ನಿಂತ.

"ಏನತ್ತಿಗೆ, ಈ ಸಲ ಶರಬತ್ತಿಗೆ ಮಂಜೇ ಇಲ್ವಂತೆ? ಗುಂಡಿಗೆ ಬೀಗ ಬೇರೆ! ಯಾಕಿಷ್ಟು ಜಿಪುಣತನ?"

ಬಟ್ಟಲಿಗೆ ಉಂಗುರ ಬಡಿದೆ. ಬಾಯಿಯಿಂದ ತಾನಾಗಿ ಬಂತು — "ಅಣ್ಣನ ಮದುವೇಲಿ ಮಂಜು ತಿಂದು ಮೂರು ದಿನ ಅಳ್ತಾ ಬಿದ್ದಿದ್ಯಲ್ಲೋ. ಹಣೆಗೆ ಬಟ್ಟೆ ಹಾಕಿದ್ದು ನಾನು. ಮರೆತ್ಯಾ?"

ದರ್ಬಾರು ನಕ್ಕಿತು. ಮರ್ದಾನ್ ಕೆಂಪಾಗಿ ಹೊರಟುಹೋದ. ಗೆದ್ದೆ.

ಆದರೆ ಆ ಮಾತು ನನಗೆ ಯಾರೂ ಹೇಳಿರಲಿಲ್ಲ. ದಾಯಿಯನ್ನು ಕೇಳಿದೆ. "ನಂಗೂ ಗೊತ್ತಿಲ್ಲ ತಾಯಿ. ನಾನಾಗ ಇನ್ನೂ ಈ ಮನೆಗೆ ಬಂದಿರ್ಲಿಲ್ಲ."

ಖೋರ್ದಾದ್ ೧೩, ಶುಕ್ರವಾರ

ಮಸೀದಿಯಲ್ಲಿ ದೊರೆಯೆಂದು ಶೀರ್ಜಾದನ ಹೆಸರು ಓದಿದರು. ನಲವತ್ತು ದಿನ ಮುಗಿಯಿತು! ಅತ್ತೆಗೂ ಮಣ್ಣು, ಪ್ರಾರ್ಥನೆ ಎಲ್ಲ ಸಿಕ್ಕಿತು. ಪರದೆ ಬಿಚ್ಚಿದರು.

ಶೀರ್ಜಾದ್ ಏಪ್ರಿಕಾಟ್ ಹಿಡಿದು ಬಂದ. "ಇನ್ನು ಸಾಕು ಕಣೇ. ನಿನ್ನ ದನೀಲಿ ಒಂದ್ಸಲ ನನ್ನ ಕರಿ."

ಬಾಯಿ ತೆರೆದೆ. ಎರಡು ಕೆಮ್ಮು ಬಂತು.

ಅವನು ನಗಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದ. "ಅಮ್ಮಾ?"

ಉಂಗುರ ತೆಗೆಯಲು ಹೋದೆ. ದಾರ ಯಾವಾಗಲೋ ಕಳಚಿಬಿದ್ದಿದೆ. ಉಂಗುರ ಬಿಗಿಯಾಗಿ ಕೂತಿದೆ.

ಇರಲಿ. ಈ ಹಾಳೆಯ ಮೇಲಾದರೂ ನಾನು ನಾನೇ. ಅವನನ್ನು ಇಲ್ಲೇ ಕರೆಯುತ್ತೇನೆ, ನನ್ನದೇ ಮಾತಿನಲ್ಲಿ —

ಮುಂದಿನವನು ಬರಲಿ. ಚಿಕ್ಕದಾಗಿ