ನೀಲಿ ಬಾಗಿಲಿನ ಹೊಟ್ಟು

ಮನೆಯಿಂದ,
ಮಾರ್ಚ್ ೧೪, ಶನಿವಾರ

ಪ್ರೀತಿಯ ಅಣ್ಣಾ,

ನಿನ್ನ ಸೊಂಟನೋವು ಹೇಗಿದೆ? ಹಡಗಿನ ಎಂಜಿನ್ ಕೋಣೆಯಲ್ಲಿ ಇಡೀ ದಿನ ಬಗ್ಗಿಯೇ ಇರಬೇಕೆಂದು ಬರೆದಿದ್ದೆ. ಬಿಸಿನೀರಿನ ಶಾಖ ಕೊಟ್ಟುಕೊಳ್ಳಬೇಕಂತೆ, ಅಮ್ಮ ಮೂರು ಸಲ ಹೇಳಿ ಬರೆಸಿದ್ದಾಳೆ. ನನ್ನ ಮಗಳಿಗೆ ನೀನು ಮಾಡಿಕೊಟ್ಟ ಮೇಜೆಂದರೆ ಪ್ರಾಣ. ಅಪ್ಪನ ಗ್ಯಾರೇಜಿನ ಹಳೇ ನೀಲಿ ಬಾಗಿಲು ಕೊಯ್ದು ಮಾಡಿದ್ದೆಂದು ಬಂದವರಿಗೆಲ್ಲ ಹೇಳುತ್ತಾಳೆ. ನಾವು ಚೆನ್ನಾಗಿದ್ದೇವೆ. ಮಂಗಳವಾರ ಸ್ವಲ್ಪದರಲ್ಲಿ ತಪ್ಪಿತು, ಅಷ್ಟೆ.

ನೀನು ಹೊರಡುವಾಗ ನನಗೆ ಕೊಟ್ಟ ಶಾಲಾ ವ್ಯಾನಿನ ವಿಷಯ. "ಕಣ್ಣು ಮುಚ್ಕೊಂಡು ಓಡಿಸು ಕಣೇ" ಅಂದಿದ್ದೆ. ಹಾಗೇ ಓಡಿಸಿದೆ. ಗೇರ್ ಬಾಕ್ಸ್ ರಿಪೇರಿ ಮಾಡುವವನ ಮಗಳು ನಾನು, ನಾಚಿಕೆಯಾಗಬೇಕು ನನಗೆ. ಮೊದಲ ವಾರವೇ ರಿವರ್ಸ್ ಹಾಕುವಾಗ ಕಟಕಟ ಹಲ್ಲು ಕಡಿಯುತ್ತಿತ್ತು. ಆಮೇಲೆ ನಿಲ್ಲಿಸಿದ ಜಾಗದಲ್ಲೆಲ್ಲ ಅಂಗೈಯಗಲ ಎಣ್ಣೆ. ಎರಡನೇ ಗೇರಿಗೆ ಲಿವರ್ ಮೊಂಡು ಹಿಡಿಯುತ್ತಿತ್ತು. ಒಂದು ದಿನ ಸುಟ್ಟ ವಾಸನೆ ಬಂದರೆ, ಯಾರೋ ಊಟದ ಡಬ್ಬಿ ತೆರೆದರೆಂದು ಮಕ್ಕಳನ್ನು ಬೈದೆ. ಈ ಲಕ್ಷಣಗಳನ್ನೆಲ್ಲ ಅಪ್ಪ ನಮ್ಮಿಬ್ಬರಿಗೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದ. ಆದರೆ ಗೇರಿನ ಹಲ್ಲು ಸವೆದರೆ ಬಾಕ್ಸಿನೊಳಗಿಂದ ಬರುವ ಗುಂಯ್ ಎನ್ನುವ ಸದ್ದು ಮಾತ್ರ ಇರಲಿಲ್ಲ. ಅಣ್ಣ ನೋಡಿಯೇ ಕೊಟ್ಟಿದ್ದಾನೆ, ತಪ್ಪೇನಿದ್ದರೂ ಕ್ಲಚ್ ಒತ್ತುವ ನನ್ನ ಕಾಲಿನದೇ ಎಂದುಕೊಂಡೆ. "ಗೊಣಗೋ ಗೇರಿಗೆ ಹೆದರಬೇಡಿ, ಸುಮ್ಮನಾದ ಗೇರಿಗೆ ಹೆದರಿ" ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಾಗಲೇ ಇಲ್ಲ.

ಮಂಗಳವಾರ ಬೆಳಿಗ್ಗೆ ಶಾಲೆಯ ಮುಂದಿನ ಏರು. ಒಳಗೆ ಹನ್ನೊಂದು ಮಕ್ಕಳು, ಹಿಂದೆ ನೀರಿನ ಲಾರಿ. ಎರಡನೇ ಗೇರು ತಾನೇ ಕಳಚಿಕೊಂಡು ನ್ಯೂಟ್ರಲ್‌ಗೆ ಬಿತ್ತು. ಎಂಜಿನ್ ಅರಚುತ್ತಿದೆ, ವ್ಯಾನು ಹಿಂದಕ್ಕೆ ಜಾರುತ್ತಿದೆ. ಎರಡೂ ಬ್ರೇಕ್ ಹಿಡಿದು ನಿಲ್ಲಿಸಿದಾಗ ಲಾರಿಗೂ ನಮಗೂ ಒಂದು ಮೊಳ ಉಳಿದಿತ್ತು. ಮಕ್ಕಳಿಗೆ ಅದೊಂದು ಆಟ, "ಇನ್ನೊಂದ್ಸಲ ಆಂಟೀ!" ಎಂದು ಕೂಗಿದರು. ನನ್ನ ಮಗಳು ಮಾತ್ರ ಕೂಗಲಿಲ್ಲ, ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವರನ್ನೆಲ್ಲ ಇಳಿಸಿ ಶಾಲೆಗೆ ನಡೆಸಿಕೊಂಡು ಹೋದೆ.

ಅಪ್ಪನ ಶಿಷ್ಯ ಗ್ರೀಸಣ್ಣನೇ ಬಾಕ್ಸ್ ಬಿಚ್ಚಿದ. ಎಣ್ಣೆಯ ಬದಲು ಅಂಬಲಿಯ ಹಾಗೆ ಏನೋ ಇಳಿಯಿತು. ಬೆರಳಲ್ಲಿ ಉಜ್ಜಿ, ಮೂಸಿ, ನನ್ನ ಮುಖ ನೋಡದೆ "ಹೊಟ್ಟು ತಿನ್ನಿಸಿದಾರೆ ಕಣಮ್ಮ" ಅಂದ. ಸವೆದ ಹಲ್ಲಿನ ಸದ್ದು ಅಡಗಿಸಲು ಎಣ್ಣೆಗೆ ಮರದ ಹೊಟ್ಟು ಬೆರೆಸುವ ಕಳ್ಳವಿದ್ಯೆ. ಅದನ್ನು ಮಾಡಿಕೊಡಿ ಎಂದು ಬಂದವನನ್ನು ಅಪ್ಪ ಸ್ಪ್ಯಾನರ್ ಎತ್ತಿ ಓಡಿಸಿದ್ದು ನಿನಗೂ ನೆನಪಿರಬೇಕು, ಬಾಗಿಲಲ್ಲಿ ನಾವಿಬ್ಬರೂ ನಿಂತಿದ್ದೆವು. ಯಾರೋ ಹಳೇ ಮಾಲೀಕ ಮಾಡಿರಬೇಕು, ನನ್ನಣ್ಣನಿಗೇ ಮೋಸ ಮಾಡಿದ್ದಾರೆ ಎಂದು ನಿನ್ನ ಪರ ವಾದಿಸಿದೆ ಕಣೋ! ಗ್ರೀಸಣ್ಣ ಅದನ್ನು ಬಟ್ಟೆಯಲ್ಲಿ ಸೋಸಿ ನನ್ನ ಮುಂದೆ ಹಿಡಿದ. ಹೊಟ್ಟಿನ ನಡುವೆ ನೀಲಿ ಬಣ್ಣದ ಚೂರುಗಳಿದ್ದವು.

"ಗೇರ್ ಬಾಕ್ಸ್ ಹೋಗಿದೆ, ಓಡಿಸಬೇಡ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಕ್ಕಳನ್ನು ನಡೆಸಿಕೊಂಡಾದರೂ ಹೋಗುತ್ತಿದ್ದೆ. ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಎಂದರೆ, ಈ ಕಾಗದವನ್ನು ಎರಡು ಸಲ ಹರಿದು ಮತ್ತೆ ಬರೆದಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ನಾನು ಗೊಣಗುತ್ತಿದ್ದೇನೆ, ಸುಮ್ಮನಾಗಿಲ್ಲ. ಅದೊಂದು ನಿನ್ನ ಪುಣ್ಯ. ಅಮ್ಮನ ಆಶೀರ್ವಾದ ನಿನಗಿದೆ. ಸೊಂಟ ನೋಡಿಕೋ.

ನಿನ್ನ ತಂಗಿ

ಮರೆತಿದ್ದೆ: ಇದನ್ನು ಅದೇ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಹೊರಡುವ ಗಡಿಬಿಡಿಯಲ್ಲೂ ಸೊಸೆಗೆಂದು ಎರಡು ದಿನ ಕೂತು ಮಾಡಿದನಲ್ಲಾ ಎಂದು ನಾನು ಕಣ್ಣೀರು ಹಾಕಿದ್ದೆ. ಉಳಿದದ್ದಕ್ಕೆಲ್ಲ ಉತ್ತರ ಬೇಡ, ಒಂದನ್ನು ಮಾತ್ರ ನಿಜ ಬರೆ. ಬಾಗಿಲು ಕೊಯ್ದದ್ದು ಮೇಜಿಗೋ, ಹೊಟ್ಟಿಗೋ?