ಐಸಮ್ಮನ ಅರ್ಧ ಇಂಜೆಕ್ಷನ್

9-2-1959, ಸೋಮವಾರ. ಮಧ್ಯಾಹ್ನ 12.40

ಬೆಳಿಗ್ಗೆ ಮೂವತ್ತೆರಡು ರೋಗಿಗಳು. ಮಿಕ್ಸ್ಚರ್ ಬಾಟ್ಲಿ ತೊಳೆದು ತೊಳೆದು ಕೈ ಬಿಳಿಚಿಕೊಂಡಿದೆ. ಡೋಸಿನ ಗುರುತಿಗೆ ಕಾಗದ ಕತ್ತರಿಸುದು ಬಾಕಿ. ಅದನ್ನು ಬಿಟ್ಟು ಇದನ್ನು ಬರೀತಾ ಕೂತಿದ್ದೇನೆ. ಡಾಕ್ಟ್ರ ಆರ್ಡರ್.

ನಿನ್ನೆ ಕುಮುದಿನಿ ನನಗೆ ಹೇಳದೆ ಡಾಕ್ಟ್ರ ಮನೆಗೆ ಹೋಗಿದ್ದಾಳೆ. ಗಂಡ ಸಂಬಳ ಮನೆಗೆ ತರುದಿಲ್ಲ, ಕುತ್ತಿಗೆಯ ಸರವೂ ಹೋಯ್ತು, ಎಲ್ಲ ಇಸ್ಪೀಟು ಆಟಕ್ಕೆ ಅಂತ ಒದರಿ ಬಂದಿದ್ದಾಳೆ. ಇವತ್ತು ಡಾಕ್ಟ್ರು ಕೃಷ್ಣಮೋಹನರು ಬೈಯಲಿಲ್ಲ. ಬೈದಿದ್ರೆ ಸುಲಭ ಇತ್ತು. ಎದುರಿಗೆ ಕೂರಿಸಿ, ರೋಗಿಯ ಹತ್ರ ಕೇಳುವ ಹಾಗೆ ಕೇಳಿದ್ರು. "ಆಸೆ ಎಷ್ಟು ಗಂಟೆಗೆ ಬರ್ತದೆ ಧರ್ಮಪಾಲ?"

ಗಂಟೆ ಯಾರು ನೋಡ್ತಾರೆ.

"ನೋಡು. ಬಂದ ಗಂಟೆ ಬರೆ, ಆಗ ತಲೆಯಲ್ಲಿ ಎಂತ ಇತ್ತು ಬರೆ. ಊರವರು ಇದನ್ನು ಕೆಟ್ಟ ಬುದ್ಧಿ ಅಂತಾರೆ. ನನಗೆ ಕಾಯಿಲೆ ಅಂತ ಕಾಣ್ತದೆ. ಬರೆದದ್ದನ್ನು ನಾನು ಓದುದಿಲ್ಲ."

ಹನ್ನೆರಡು ವರ್ಷದಿಂದ ಪುತ್ತೂರಿಗೆಲ್ಲ ಮದ್ದು ಕಲಸಿಕೊಟ್ಟ ಕಂಪೌಂಡರು ನಾನು. ನನಗೆ ಒಂದು ನೋಟ್‌ಬುಕ್ಕೇ ಮದ್ದಂತೆ.

1.10 — ಬಂತು. ಕ್ಲಿನಿಕ್ ಒಂದಕ್ಕೆ ಮುಚ್ಚಿ ನಾಲ್ಕಕ್ಕೆ ತೆರೆಯುದು. ಬೀಗ ಹಾಕಿದ ಕೂಡಲೇ ಕಾಲು ಆಟ ನಡೆಯುವ ಹಂಚಿನ ಶೆಡ್ಡಿನ ಕಡೆ ತಿರುಗಿತು. ಎಳೆದುಕೊಂಡು ಮನೆಗೆ ಬಂದೆ. ಬಾಯಿ ಒಣಗಿದೆ.

11-2, ಬುಧವಾರ

ಪ್ರಮಾಣದ ವಿಷಯ ಡಾಕ್ಟ್ರಿಗೆ ಹೇಳಿದೆ. ಕಳೆದ ದೀಪಾವಳಿಗೆ ನರಿಮೊಗರಿನಲ್ಲಿ, ಮಾವನ ಮನೆಯ ದೈವದ ಎದುರು, ಕುಮುದಿನಿ ನನ್ನ ಬಾಯಿಂದ ಹೇಳಿಸಿದ್ಳು — ಇನ್ನು ಇಸ್ಪೀಟು ಎಲೆ ಮುಟ್ಟುದಿಲ್ಲ ಅಂತ. ಮುಟ್ಟಲಿಲ್ಲ. ಉಳಾಯಿ-ಪಿದಾಯಿಗೆ, ಅಂದ್ರೆ ಒಳಗೆ-ಹೊರಗೆ ಆಟಕ್ಕೆ, ನಾವು ಎಲೆ ಮುಟ್ಟುವ ಕೆಲಸವೇ ಇಲ್ಲ. ಹಾಕುದು ಆಟ ನಡೆಸುವ ಮೇದಪ್ಪ. ಒಂದು ಎಲೆ ಒಳಗೆ, ಒಂದು ಹೊರಗೆ, ಹಾಕ್ತಾ ಹೋಗ್ತಾನೆ. ಮೊದಲು ತೆರೆದಿಟ್ಟ ಎಲೆಯ ಜೋಡಿ ಎಲ್ಲಿ ಬೀಳ್ತದೆ ಅಂತ ನಾವು ದುಡ್ಡು ಇಡುದು, ಅಷ್ಟೇ. ನನ್ನ ಕೈ ಶುದ್ಧ. ಮಾತು ತಪ್ಪಲಿಲ್ಲ ಅಂತ ದೈವಕ್ಕೂ ಗೊತ್ತಿರಬೇಕು.

ಡಾಕ್ಟ್ರು ನಗ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ದೈವದ ಹತ್ರವೂ ಆಟ ಆಡಿದ್ದೀ ಮಾರಾಯ" ಅಂದ್ರು.

13-2, ಶುಕ್ರವಾರ. ಸಂಜೆ

ಹೋದೆ.

ಮೇದಪ್ಪ ಸುಳ್ಯದವ, ಮರದ ಲಾರಿ ಉಂಟು. ಬಾಯಿ ತುಂಬ ಕುಶಾಲು. "ಕಂಪೌಂಡ್ರು ಬಂದ್ರು, ಇನ್ನು ನಮಗೆಲ್ಲ ಗುಣ ಆಗ್ತದೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾಚಿಕೆ ಬಿಟ್ಟವ.

ಡಾಕ್ಟ್ರು ಹೇಳಿದ್ದಕ್ಕೆ ಇವತ್ತು ಗಮನ ಇಟ್ಟು ನೋಡಿದೆ. ದುಡ್ಡಲ್ಲ. ಗೆಲ್ಲುದೂ ಅಲ್ಲ. ಮೇದಪ್ಪನ ಬೆರಳಿನಿಂದ ಎಲೆ ಬಿಟ್ಟು ಚಾಪೆಗೆ ಬೀಳುದರೊಳಗೆ ಒಂದು ಚೂರು ಹೊತ್ತು ಉಂಟಲ್ಲ — ಅದು. ಆಗ ಮನೆ ಇಲ್ಲ, ಹೆಂಡತಿ ಇಲ್ಲ, ಮಾಡಿದ ಕರ್ಮ ಯಾವುದೂ ಇಲ್ಲ. ಬಿದ್ದ ಮೇಲೆ ಗೆದ್ದರೂ ಸೋತರೂ ಒಂದೇ, ಇನ್ನೊಮ್ಮೆ ಬೇಕು.

ಸೋತೆ.

14-2, ಶನಿವಾರ

ಯಾರೂ ಓದುದಿಲ್ಲ ಅಂದ ಮೇಲೆ ಬರೆಯುದಕ್ಕೆ ಎಂತ ಹೆದರಿಕೆ. ಬರೀತೇನೆ.

ಐಸಮ್ಮ. ಕಬಕದವಳು, ಇಪ್ಪತ್ತನಾಲ್ಕು ವಯಸ್ಸು, ಕ್ಷಯ. ದಿನಕ್ಕೊಂದು ಇಂಜೆಕ್ಷನ್, ತೊಂಬತ್ತು ದಿನ, ಜನವರಿ ಹತ್ತೊಂಬತ್ತರಿಂದ. ಕಿವಿಯ ಚಿನ್ನದ ಅಲಿಕತ್ತು ಮಾರಿ ತೊಂಬತ್ತೂ ಬಾಟ್ಲಿ ಒಟ್ಟಿಗೆ ತಂದು ನಮ್ಮ ಕಪಾಟಿನಲ್ಲಿ ಇಟ್ಟಿದ್ದಾರೆ. ಕೀಲಿ ನನ್ನ ಹತ್ರ.

ಎಂಟನೇ ದಿನದಿಂದ ನಾನು ಅರ್ಧವೇ ಕೊಡುದು. ಒಂದು ಬಾಟ್ಲಿಯ ಪುಡಿ ಕಲಸಿ ಇವತ್ತಿಗೆ ಅರ್ಧ, ನಾಳೆಗೆ ಅರ್ಧ. ನೀರು ಸೇರಿಸಿದರೆ ಸಿರಿಂಜು ತುಂಬಿಯೇ ಕಾಣ್ತದೆ. ಉಳಿದ ಬಾಟ್ಲಿಯನ್ನು ಮೇದಪ್ಪ ಸಂಪಾಜೆ ಕಡೆ ಮಾರಿಸಿ ದುಡ್ಡು ಕೊಡ್ತಾನೆ. ಇವತ್ತಿಗೆ ಹತ್ತು.

ಇವತ್ತು ಅವಳು ಹೇಳಿದ್ದು: "ಮೊದಲು ತುಂಬ ನೋವಾಗ್ತಿತ್ತು. ಈಗ ಗೊತ್ತೇ ಆಗುದಿಲ್ಲ. ನಿಮ್ಮ ಕೈ ಹಗುರ ಅಣ್ಣ." ನಾಲ್ಕು ಮೊಟ್ಟೆ ತಂದಿದ್ದಳು. ಅವಳಿಗೆ ತಿನ್ನಲು ಡಾಕ್ಟ್ರು ಹೇಳಿದ ಮೊಟ್ಟೆ. ಬೇಡ ಅನ್ನಲು ಬಾಯಿ ಬರ್ಲಿಲ್ಲ. ಮನೆಗೆ ತಂದೆ. ಥೂ.

20-2, ಶುಕ್ರವಾರ

ಬೆಳಿಗ್ಗೆ ಒಂದು ಗಂಟೆ ರಜೆ ಕೇಳಿ ನರಿಮೊಗರಿಗೆ ಹೋದೆ. ದೈವಕ್ಕೆ ತಪ್ಪುಕಾಣಿಕೆ ಇಟ್ಟೆ. ಬಟ್ಟೆ ತುಂಡಿನಲ್ಲಿ ಎರಡು ರೂಪಾಯಿ ಕಟ್ಟಿ, ಕಣ್ಣು ಮುಚ್ಚಿ, ಐಸಮ್ಮನ ವಿಷಯ ಎಲ್ಲ ಮನಸ್ಸಿನಲ್ಲೇ ಒಪ್ಪಿಕೊಂಡೆ. ಮಾವ ಎಂತದಕ್ಕೆ ಅಂತ ಕೇಳಿದ್ರು. ಹೀಗೇ, ಅಂದೆ.

ಬರುವಾಗ ಎದೆ ಹಗುರ. ಎಷ್ಟು ಹಗುರ ಅಂದ್ರೆ ಮಧ್ಯಾಹ್ನ ಒಂದು ಗಂಟೆಗೆ ನೆಟ್ಟಗೆ ಶೆಡ್ಡಿಗೇ ಹೋದೆ. ಕಾಣಿಕೆ ಇಟ್ಟು ಮುಗಿಸಿದವನಿಗೆ ಇನ್ನು ಎಂತ ಹೆದರಿಕೆ ಅಂತ. ಈಗ ಬರೆದದ್ದನ್ನು ಓದಿದ್ರೆ ನನಗೇ ಹೇಸಿಗೆ ಆಗ್ತದೆ. ನಾಳೆಯೂ ಅರ್ಧವೇ.

9-3, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲಿಕ್ಕೆ ಇದ್ದದ್ದು ಒಂದೇ ಸಂಗತಿ, ದಿನಾ.

ಇವತ್ತು ಐಸಮ್ಮನ ಐವತ್ತನೇದು. ಡಾಕ್ಟ್ರು ತೂಕ ನೋಡಿದ್ರು. ಮೂರು ಪೌಂಡು ಇಳಿದಿದೆ. ಕಫದಲ್ಲಿ ಕ್ರಿಮಿ ಹಾಗೇ ಉಂಟು. ಎಕ್ಸ್‌ರೇ ಕಿಟಕಿಗೆ ಹಿಡಿದು ತುಂಬ ಹೊತ್ತು ನಿಂತರು. ಆಮೇಲೆ ಅವಳ ಗಂಡ ಅಲಿ ಕುಂಞಿಯನ್ನು ಒಳಗೆ ಕರೆದರು. ಮದ್ದು ಹಿಡೀತಾ ಇಲ್ಲ. ಇನ್ನು ಮಂಗಳೂರಿನಲ್ಲಿ ಆಪರೇಷನ್. ನಾಲ್ಕು ಪಕ್ಕೆಲುಬು ತೆಗೆದು ಆ ಬದಿಯ ಶ್ವಾಸಕೋಶ ಕುಗ್ಗಿಸುದು. ಹದಿನೆಂಟರ ಬೆಳಗ್ಗಿನ ಬಸ್ಸಿಗೆ ಹೊರಡಿ, ಅಂದ್ರು.

"ಬದುಕ್ತಾಳಾ?" ಅಲಿ ಕುಂಞಿ ಕೇಳಿದ. ಡಾಕ್ಟ್ರು "ನೋಡುವ" ಅಂದ್ರು. ಹನ್ನೆರಡು ವರ್ಷದಲ್ಲಿ ಆ "ನೋಡುವ" ಎಷ್ಟು ಸಲ ಕೇಳಿದ್ದೇನೆ. ಎಷ್ಟು ಜನ ಉಳಿದರು ಅಂತಲೂ ಗೊತ್ತುಂಟು.

ನಾನು ಬದಿಯಲ್ಲಿ ನಿಂತು ಸೂಜಿ ಕುದಿಸ್ತಿದ್ದೆ.

ಅದೇ ದಿನ, ಸಂಜೆ

ಇಡೀ ಬಾಟ್ಲಿ ಕೊಟ್ಟೆ. ಪೂರ್ತಿ. ಅವಳು ತುಟಿ ಕಚ್ಚಿಕೊಂಡಳು. "ಇವತ್ತು ಭಾರೀ ನೋವಾಯ್ತು. ಎಂತಾಯ್ತು ಅಣ್ಣ, ಕೈಗೆ ಸೌಖ್ಯ ಇಲ್ವಾ?"

ನನ್ನ ಕೈಯ ಚಿಂತೆ ಅವಳಿಗೆ. ಹಿಂದಿನ ಕೋಣೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

13-3, ಶುಕ್ರವಾರ. 4.20

ಲೆಕ್ಕ ಹಾಕಿದ್ದೆ. ಕದ್ದದ್ದು ಇಪ್ಪತ್ತೊಂದು ಬಾಟ್ಲಿ. ಒಂದು ಸಲ ದೊಡ್ಡದಾಗಿ ಗೆದ್ದರೆ ಅಷ್ಟನ್ನೂ ತಂದು ಇಟ್ಟು, "ಇನ್ನೊಂದು ತಿಂಗಳು ಮದ್ದೇ ನೋಡುವ ಡಾಕ್ಟ್ರೇ" ಅಂತ ಹೇಳಬಹುದು. ಯಾರಿಗೂ ಗೊತ್ತಾಗುದಿಲ್ಲ.

ಗೆದ್ದೆ. ನಿಜವಾಗಿ. ಎರಡೂವರೆ ಗಂಟೆಗೆ ಇಪ್ಪತ್ತೊಂದು ಬಾಟ್ಲಿಯ ದುಡ್ಡು ನನ್ನ ಮೊಣಕಾಲಿನ ಎದುರು ಇತ್ತು. ಮೇದಪ್ಪನೇ ಹೇಳಿದ, "ಎದ್ದು ಹೋಗು ಮಾರಾಯ, ಇವತ್ತು ನಿನ್ನ ದಿನ."

ಏಳಲು ಆಗ್ಲಿಲ್ಲ. ಏಳಬೇಕು ಅಂತ ಗೊತ್ತಿತ್ತು. ಐಸಮ್ಮನ ಮುಖವೂ ಕಣ್ಣೆದುರು ಇತ್ತು. ಆದ್ರೂ ಕೈ ದುಡ್ಡು ತೆಗೆದು ಪಿದಾಯಿಗೆ ಇಟ್ಟಿತು. ಮೂರೂವರೆಗೆ ಬೀಡಿಗೂ ಇಲ್ಲ.

ಗೆದ್ದರೆ ಬಿಡ್ತೇನೆ ಅಂತ ಏಳು ವರ್ಷದಿಂದ ಹೇಳ್ತಿದ್ದೆ. ಇವತ್ತು ಗೆದ್ದು ನೋಡಿ ಆಯ್ತು. ಡಾಕ್ಟ್ರು ಹೇಳಿದ್ದು ಸರಿ. ಇದು ಕಾಯಿಲೆಯೇ.

15-3, ಆದಿತ್ಯವಾರ

ಡಾಕ್ಟ್ರು ಮನೆಗೆ ಕರೆಸಿದ್ರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ಅವರ ಜೊತೆ ಓದಿದವರು ಇದ್ದಾರೆ, ನನ್ನ ವಿಷಯ ಬರೆದದ್ದಕ್ಕೆ ಅವರ ಉತ್ತರ ಬಂದಿದೆ. ಕುಡಿತದವರನ್ನು ನೋಡುವ ಹಾಗೆ ಇದನ್ನೂ ನೋಡುವ, ಕಳಿಸಿ ಅಂತ. ಆರು ವಾರ ಅಲ್ಲೇ ಇರುದು. ಮಾತಾಡಿಸ್ತಾರೆ, ಕೆಲಸ ಕೊಡ್ತಾರೆ. ಬಂದ ಮೇಲೆ ಸಂಬಳ ಕುಮುದಿನಿಯ ಕೈಗೆ, ಒಂದರಿಂದ ನಾಲ್ಕು ನಾನು ಡಾಕ್ಟ್ರ ಕಣ್ಣೆದುರು.

ಅವರ ಕಾಗದದಲ್ಲಿ ಒಂದು ಪ್ರಶ್ನೆ ಇತ್ತು. ಆಟಕ್ಕೋಸ್ಕರ ಈತ ಮಾಡಿದ ಅತಿ ದೊಡ್ಡ ತಪ್ಪು ಯಾವುದು?

"ಕುಮುದಿನಿಯ ಸರ" ಅಂದೆ.

"ಅಷ್ಟೆಯಾ?"

"ಅಷ್ಟೆ."

ಬರಕೊಂಡ್ರು. ನನ್ನನ್ನು ನಂಬಿ ಬರಕೊಂಡ್ರು.

17-3, ಮಂಗಳವಾರ

ಊಟ ಇಳಿಯಲಿಲ್ಲ. ಕುಮುದಿನಿ ಮತ್ತೆ ಆಡಿದ್ರಾ ಅಂತ ಕೇಳಿದಳು. ಹೇಳಿಬಿಟ್ಟೆ. ಅರ್ಧದ ವಿಷಯ, ಬಾಟ್ಲಿಯ ವಿಷಯ, ಎಲ್ಲ.

ಸರ ಹೋದಾಗ ಊರು ಕೇಳುವ ಹಾಗೆ ಬೈದವಳು ಇವತ್ತು ನೆಲದ ಮೇಲೆ ಕೂತಳು. ಆಮೇಲೆ ಅಂದಳು: "ಆ ಹೆಂಗಸು ತಂದ ಮೊಟ್ಟೆ ನಾವು ತಿಂದೆವಲ್ಲ."

ಎದ್ದು ನನ್ನ ಬಟ್ಟಲು ಎತ್ತಿದಳು.

"ನಾಳೆ ಬಸ್ಸಿನ ಮೊದಲು ನೀವು ಹೇಳಿ. ಇಲ್ಲದ್ರೆ ನಾನು ಹೋಗಿ ಹೇಳ್ತೇನೆ. ಪೊಲೀಸರು ಬಂದರೂ ಸರಿ, ನಾನು ಇಲ್ಲೇ ಇರ್ತೇನೆ. ಆದ್ರೆ ಅವಳನ್ನು ಕೊಯ್ಯಲಿಕ್ಕೆ ಬಿಡುದಿಲ್ಲ."

18-3, ಬುಧವಾರ. ಬೆಳಿಗ್ಗೆ 8.50

ಹೇಳಿ ಆಯ್ತು.

ಏಳೂವರೆಗೆ ಐಸಮ್ಮ ಟ್ರಂಕು ಹಿಡಿದು ಬೆಂಚಿನಲ್ಲಿ ಕೂತಿದ್ದಳು. ಡಾಕ್ಟ್ರು ಒಳಗೆ ಮಂಗಳೂರಿಗೆ ಕೊಡುವ ಕಾಗದ ಬರೀತಿದ್ರು — ಐವತ್ತೆಂಟು ಇಂಜೆಕ್ಷನ್ ಕೊಟ್ಟರೂ ಗುಣ ಇಲ್ಲ ಅಂತ. ಒಳಗೆ ಹೋಗಿ ಒಂದೇ ಉಸಿರಿಗೆ ಹೇಳಿದೆ. "ಡಾಕ್ಟ್ರೇ, ಅದರಲ್ಲಿ ನಲವತ್ತೆರಡು ಅರ್ಧವೇ. ಉಳಿದದ್ದು ನಾನು ಮಾರಿ ಆಡಿದೆ."

ಪೆನ್ನು ಕೆಳಗೆ ಇಟ್ಟರು. ಮುಖದಲ್ಲಿ ರಕ್ತ ಇಲ್ಲ. "ಅವಳ ಎದುರು ಹೇಳು" ಅಂದ್ರು.

ಹೇಳಿದೆ. ಅಲಿ ಕುಂಞಿ ಅಂಗಿ ಹಿಡಿದು ಗೋಡೆಗೆ ಒತ್ತಿದ. ಹೊಡೆದ. ಸರಿ, ಹೊಡೀಲಿ. ಡಾಕ್ಟ್ರು ಬಿಡಿಸಿದ್ರು. ಐಸಮ್ಮ ಅಳಲೂ ಇಲ್ಲ, ಶಾಪ ಹಾಕಲೂ ಇಲ್ಲ. ಅವಳು ಕೇಳಿದ್ದು ಒಂದೇ. "ಹಾಗಾದ್ರೆ ಮದ್ದು ಸೋಲಲಿಲ್ಲ ಅಲ್ವಾ? ನನ್ನನ್ನು ಕೊಯ್ಯುದು ಬೇಡ ಅಲ್ವಾ?"

ಅದು ಡಾಕ್ಟ್ರಿಗೂ ಗೊತ್ತಿಲ್ಲ. ಅರ್ಧ ಮದ್ದು ತಿಂದ ಕ್ರಿಮಿ ಆ ಮದ್ದಿಗೆ ಬಗ್ಗದ ಹಾಗೆ ಆಗಿರಬಹುದು, ಇನ್ನೂ ಬಗ್ಗಲೂಬಹುದು. ಮಂಗಳೂರಿನ ದೊಡ್ಡ ಡಾಕ್ಟ್ರನ್ನು ಕೇಳಲು ಟ್ರಂಕ್ ಕಾಲ್ ಬುಕ್ ಮಾಡಿದ್ದಾರೆ. ಬಸ್ಸು ಹೋಯ್ತು. ಎಲ್ಲರೂ ಫೋನಿನ ಎದುರು ಕೂತಿದ್ದೇವೆ. ನಾನು ಬಾಗಿಲ ಹತ್ರ, ಪುಸ್ತಕ ಮೊಣಕಾಲಿನ ಮೇಲೆ.

ಸುಳ್ಳು ಬರೆಯಬಾರದು. ಈಗ, ಈ ನಿಮಿಷದಲ್ಲಿ, ನನ್ನ ಅಂಗೈ ಬೆವರ್ತಾ ಉಂಟು. ಶೆಡ್ಡಿನಲ್ಲಿ ಬೆವರುವ ಹಾಗೇ. ಕೊಯ್ತಾರೆ, ಕೊಯ್ಯುದಿಲ್ಲ, ಕೊಯ್ತಾರೆ... ತಲೆ ತಾನಾಗಿಯೇ ಒಂದು ಬದಿಗೆ ದುಡ್ಡು ಇಟ್ಟುಬಿಟ್ಟಿದೆ. ಅವಳ ಎದೆಯ ಮೇಲೆ. ದೇವರೇ. ಬೆಂಗಳೂರಿಗೆ ಹೋಗ್ತೇನೆ, ಜೈಲಾದರೆ ಜೈಲಿನಿಂದ ಬಂದು ಹೋಗ್ತೇನೆ. ಅಲ್ಲಿಯವರಿಗೆ ಮೊದಲು ಇದನ್ನೇ ಹೇಳ್ಬೇಕು, ಸರದ ಕಥೆಯಲ್ಲ.

9.05 — ಫೋನ್ ಬೆಲ್ ಆಯ್ತು. ಡಾಕ್ಟ್ರು ಎತ್ತಿದ್ರು. "ಹೌದು, ಅರ್ಧ ಡೋಸ್... ನಲವತ್ತೆರಡು ದಿನ..." ಅಂತಿದ್ದಾರೆ. ಈಗ ಆಚೆಯವರು ಮಾತಾಡ್ತಿದ್ದಾರೆ. ಐಸಮ್ಮ ಎದ್ದು ನಿಂತಿದ್ದಾಳೆ. ಡಾಕ್ಟ್ರು ಫೋನ್ ಕೆಳಗಿಟ್ಟು ಅವಳ ಕಡೆ ತಿರುಗಿದ್ರು. ಎಲೆ ಇನ್ನೂ ಚಾಪೆಗೆ ಬಿದ್ದಿಲ್ಲ, ಪುಸ್ತಕ ಮುಚ್ತೇನೆ.